ಇನ್ನರ್ಧ ಗಂಟೆ

ಹೂವಿನವನು ಪಲ್ಲಕ್ಕಿಯ ಕೊನೆಯ ಕಂಬಕ್ಕೆ ಚೆಂಡುಹೂವಿನ ಸರ ಸುತ್ತಿ ಇನ್ನೇನು ಗಂಟು ಹಾಕಬೇಕು, ಏಕಾಂತಯ್ಯನವರು ಗೇಟಿನ ಕಡೆಯಿಂದ ದಾಪುಗಾಲು ಹಾಕುತ್ತ ಬಂದು ಅವನ ಕೈ ಹಿಡಿದರು.

"ಈ ಕಡೆ ತೆಳುವಾಯ್ತಲ್ಲಪ್ಪ. ಬಿಚ್ಚಿ ಇನ್ನೊಂದ್ಸಲ ಕಟ್ಟು."

"ಸಾರ್, ನಾಲ್ಕೂ ಕಡೆ ಒಂದೇ ಥರ ಹಾಕಿದೀನಿ."

"ಇರ್ಲಿ, ಬಿಚ್ಚು. ಅವಸರ ಏನಿಲ್ಲ."

ಅವಸರ ಏನಿಲ್ಲ ಎಂಬ ಮಾತು ಏಕಾಂತಯ್ಯನವರ ಬಾಯಿಂದ ಬಂತೆಂದರೆ ಅವರನ್ನು ಬಲ್ಲವರು ಯಾರೂ ನಂಬುತ್ತಿರಲಿಲ್ಲ. ಬೆಂಗಳೂರಿನ ವಿಜಯನಗರದ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿ ಸರ್ವಿಸ್ ಮುಗಿಸಿದ ಮನುಷ್ಯ. ಡ್ರೈವರು ಕಾಫಿಯ ಕೊನೆಯ ಗುಟುಕಿಗೆ ಲೋಟ ಎತ್ತಿದ್ದರೂ ಸೀಟಿ ಊದಿ ಕೆಳಗಿಡಿಸುತ್ತಿದ್ದವರು. ಯಾರದ್ದಾದರೂ ಮದುವೆಗೆ ಹೋದರೆ ಮುಹೂರ್ತದ ವಿಷಯವನ್ನು ಹುಡುಗಿಯ ಅಪ್ಪನಿಗೆ ಇವರೇ ಜ್ಞಾಪಿಸುತ್ತಿದ್ದರು. ಅಂಥವರು ಇವತ್ತು, ಸ್ವಂತ ಹೆಂಡತಿಯ ಮಣ್ಣಿನ ದಿನ, ಹೂವಿನವನಿಗೆ, ಶಾಮಿಯಾನದವನಿಗೆ, ಗಾಡಿಯವನಿಗೆ, ಕೊನೆಗೆ ಮಠದ ಸ್ವಾಮಿಗಳಿಗೂ ನಿಧಾನ, ನಿಧಾನ ಎನ್ನುತ್ತ ಓಡಾಡುತ್ತಿದ್ದರು. ಅವರ ಓಡಾಟ ಮಾತ್ರ ನಿಧಾನವಾಗಿರಲಿಲ್ಲ. ಗೇಟು, ಹಜಾರ, ಹಿತ್ತಿಲು, ಮತ್ತೆ ಗೇಟು. ಕಾಲಿಗೆ ಯಾರದ್ದೋ ಚಪ್ಪಲಿ ಮೆಟ್ಟಿಕೊಂಡಿದ್ದರು, ಅದು ಹೆಜ್ಜೆಗೊಮ್ಮೆ ಕಳಚಿಕೊಳ್ಳುತ್ತಿತ್ತು.

ಬಸವೇಶ್ವರನಗರದ ಆ ಚಿಕ್ಕ ಮನೆಯ ಹಜಾರದಲ್ಲಿ ಗಿರಿಜಾದೇವಿ ಗೋಡೆಗೆ ಒರಗಿ ಕೂತಿದ್ದರು. ಬೆಳಗಿನ ಜಾವ ಹಾಲು ಕಾಯಿಸಲು ಎದ್ದವರು ಅಡುಗೆಮನೆಯ ಹೊಸ್ತಿಲಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ತಮ್ಮ ಚನ್ನವೀರೇಶ್ ದಾವಣಗೆರೆಯವನು. ಲಗ್ಗೆರೆಯ ಮಗಳ ಮನೆಗೆ ಬಂದಿದ್ದವನು ಸುದ್ದಿ ಕೇಳಿ ಮೊದಲು ಓಡಿಬಂದ. ಮೈ ಸೆಟೆಯುವ ಮೊದಲೇ ಅಕ್ಕನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇರಿಸಿ, ಪದ್ಧತಿಯ ಪ್ರಕಾರ ಪದ್ಮಾಸನದಲ್ಲಿ ಕೂರಿಸುವ ಏರ್ಪಾಡು ಮಾಡಿದವನೂ ಅವನೇ. ಹಾಗೆ ಕೂರಿಸಿದ ಮೇಲೆ ಮತ್ತೆ ಐಸಿನ ಪೆಟ್ಟಿಗೆಯಲ್ಲಿ ಮಲಗಿಸಿ ನಾಳೆಗೆ ಇಟ್ಟುಕೊಳ್ಳುವ ಮಾತಿಲ್ಲ. ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು. ಮಾಗಡಿ ರಸ್ತೆಯ ರುದ್ರಭೂಮಿಯಲ್ಲಿ ಗುಣಿ ತೋಡಿಯೂ ಆಗಿತ್ತು.

ಬರಬೇಕಾಗಿದ್ದದ್ದು ಒಬ್ಬಳೇ, ಮಗಳು ಚೈತನ್ಯಾ. ಬಳ್ಳಾರಿ ಕಡೆ ತೋರಣಗಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಸುದ್ದಿ ಮುಟ್ಟಿದ ತಕ್ಷಣ ಅವಳು ಟ್ಯಾಕ್ಸಿ ತರಿಸಿ ಬ್ಯಾಗನ್ನೂ ಒಳಗಿಟ್ಟಿದ್ದಳು. ಅಷ್ಟರಲ್ಲಿ ಮಲಪ್ರಭಾ ಏರ್‌ನ ಮ್ಯಾನೇಜರ್ ಉದಯಕುಮಾರ್ ಏಕಾಂತಯ್ಯನವರಿಗೆ ಫೋನ್ ಮಾಡಿ, "ಸಾರ್, ಮೇಡಂ ಮಗಳು ನಮ್ಮ ಫ್ಲೈಟಲ್ಲೇ ಬರಲಿ. ಒಂದು ಗಂಟೆ ಹಾದಿ, ಮಧ್ಯಾಹ್ನದೊಳಗೆ ಮನೇಲಿರ್ತಾರೆ" ಎಂದರು. ಗಿರಿಜಾದೇವಿ ದುಡಿಯುತ್ತಿದ್ದದ್ದು ಆ ಕಂಪನಿಯಲ್ಲೇ. ಏಕಾಂತಯ್ಯ ಮಗಳಿಗೆ ಹೇಳಿದರು: "ಗಾಡಿ ವಾಪಸ್ ಕಳಿಸ್ಬಿಡು ಕಂದ. ಆರು ಗಂಟೆ ರೋಡಲ್ಲಿ ಅಳ್ತಾ ಬರೋದ್ಯಾಕೆ? ಅಮ್ಮನ ವಿಮಾನದಲ್ಲೇ ಬಾ."

ಉದಯಕುಮಾರ್ ತಾವೂ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದಿದ್ದರು. ಬಂದವರು ಒಳಗೆ ಹೋಗಿ ಕೈ ಮುಗಿದು, ಆಚೆ ಎದುರುಮನೆಯ ಹೊಂಗೆಮರದ ಕೆಳಗೆ ನಿಂತುಬಿಟ್ಟರು. ಎರಡು ಕೈಗೆ ಎರಡು ಫೋನು. ಏಕಾಂತಯ್ಯ ಗೇಟು ದಾಟಿ ಹೋಗಿ ಕೇಳುವುದು, ಅವರು ಒಂದು ಫೋನನ್ನು ನೋಡಿ ಉತ್ತರ ಕೊಡುವುದು.

"ಏನಂತೆ ಉದಯಕುಮಾರ್?"

"ಇನ್ನರ್ಧ ಗಂಟೆ ಸಾರ್. ಎಂಜಿನಿಯರ್ ನೋಡ್ತಾ ಇದಾರೆ."

ಇದು ಎಷ್ಟನೆಯ ಅರ್ಧ ಗಂಟೆಯೋ ಲೆಕ್ಕ ತಪ್ಪಿತ್ತು. ಬಿಸಿಲು ಹೊಂಗೆಮರ ದಾಟಿ ಕಾಂಪೌಂಡಿನ ಗೋಡೆ ಹತ್ತಿತ್ತು. ಏಕಾಂತಯ್ಯ ತಲೆಯಾಡಿಸಿ, ಹಿಂತಿರುಗಿ, ಹೂವಿನವನು ಮತ್ತೆ ಗಂಟು ಹಾಕುತ್ತಿರುವುದನ್ನು ಕಂಡು ಮತ್ತೆ ಓಡಿದರು.

*

ಗಿರಿಜಾದೇವಿ ವಿಮಾನದ ಕಂಪನಿ ಸೇರಿದ್ದೇ ಒಂದು ತಮಾಷೆ. ಮೊದಲು ರಾಜಾಜಿನಗರದ ನರ್ಸಿಂಗ್ ಹೋಮೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಅಲ್ಲಿ ಫೋನೆತ್ತಲು ಮಷೀನು ಬಂದ ಮೇಲೆ ಇವರನ್ನು ಮನೆಗೆ ಕಳಿಸಿದರು. ಆಗ ಯಾರೋ ಹೇಳಿದರು, ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಸ ಏರ್‌ಲೈನ್ಸ್ ಆಫೀಸು ಶುರುವಾಗಿದೆ, ಕನ್ನಡ ಮರಾಠಿ ಎರಡೂ ಬರುವವರು ಬೇಕಂತೆ ಎಂದು. ಚಿಕ್ಕಂದಿನಲ್ಲಿ ಸೊಲ್ಲಾಪುರದ ಅತ್ತೆಯ ಮನೆಯಲ್ಲಿ ಬೆಳೆದಿದ್ದರಿಂದ ಗಿರಿಜಾದೇವಿಗೆ ಮರಾಠಿಯಲ್ಲಿ ಜಗಳವಾಡುವಷ್ಟು ಬರುತ್ತಿತ್ತು. ಆ ಕೆಲಸಕ್ಕೆ ಅಷ್ಟೇ ಸಾಕಾಗಿತ್ತು.

ಮಲಪ್ರಭಾ ಏರ್ ಎಂದರೆ ಮೂರು ಪುಟ್ಟ ವಿಮಾನ. ಮೂರರಲ್ಲಿ ಒಂದಕ್ಕೆ ಸದಾ ರಿಪೇರಿ. ಬೀದರ್, ನಾಂದೇಡ್, ಜಲಗಾಂವ್, ತೋರಣಗಲ್ಲು ಎಂದು ದೊಡ್ಡವರು ಮೂಸಿ ನೋಡದ ಊರುಗಳಿಗೆ ಅದರ ಓಡಾಟ. ಮಂಜು ಬಿದ್ದರೆ ಹೊರಡುವುದಿಲ್ಲ, ಗಾಳಿ ಎದ್ದರೆ ಇಳಿಯುವುದಿಲ್ಲ. ನಾಂದೇಡಿನಲ್ಲಿ ಹಕ್ಕಿ ಬಡಿದರೆ ಬೀದರಿನವರು ಕಾಯಬೇಕು. ಇವನ್ನೆಲ್ಲ ಪ್ರಯಾಣಿಕರಿಗೆ ಫೋನ್ ಮಾಡಿ ತಿಳಿಸುವುದು ಗಿರಿಜಾದೇವಿಯ ಕೆಲಸ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅದಕ್ಕೆ ಬೈಸಿಕೊಳ್ಳುವುದು ಅವರ ಕೆಲಸ.

"ನಿಮ್ಮ ವಿಮಾನಕ್ಕಿಂತ ನಮ್ಮ ಕುರುಬರಹಳ್ಳಿ ಬಸ್ಸೇ ವಾಸಿ ಕಣೇ," ಎಂದು ಏಕಾಂತಯ್ಯ ರೇಗಿಸುತ್ತಿದ್ದರು. "ಬರದೇ ಇದ್ರೆ ಬರ್ತಿಲ್ಲ ಅಂತ ಕಣ್ಣಿಗಾದ್ರೂ ಕಾಣಿಸ್ತದೆ."

"ಅದಕ್ಕೇ ರೀ ನನ್ನನ್ನ ಇಟ್ಕೊಂಡಿರೋದು. ಕಾಣಿಸ್ದೇ ಇರೋದನ್ನ ಹೇಳೋಕೆ."

ಕಂಪನಿ ಒಮ್ಮೆ ಪುಕ್ಕಟೆ ಟಿಕೆಟ್ ಕೊಟ್ಟಿತ್ತು. ಗಂಡ ಹೆಂಡತಿ ಬೀದರಿಗೆ ಹೋಗಿ ಬಂದರು. ಹೋಗುವಾಗ ಗಿರಿಜಾದೇವಿ ಗಂಡನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಇಳಿದ ಮೇಲೂ ಉಗುರಿನ ಗುರುತು ಹೋಗಿರಲಿಲ್ಲ. "ಇನ್ನು ಜನ್ಮದಲ್ಲಿ ಹತ್ತಲ್ಲ, ನನಗೆ ಫೋನೇ ಸಾಕು" ಎಂದಿದ್ದರು. ಏಕಾಂತಯ್ಯ ಅದನ್ನು ಬಂದ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಆ ಆಫೀಸಿನಲ್ಲೊಂದು ರೂಢಿಯಿತ್ತು. ವಿಮಾನ ತಡವಾದರೆ ಎಂಜಿನಿಯರು ಮ್ಯಾನೇಜರಿಗೆ, ಮ್ಯಾನೇಜರು ಫೋನಿನವರಿಗೆ, ಫೋನಿನವರು ಪ್ರಯಾಣಿಕರಿಗೆ "ಇನ್ನರ್ಧ ಗಂಟೆ" ಎಂದು ಹೇಳುವುದು. ಅರ್ಧ ಗಂಟೆಗೆ ಯಾರೂ ದೊಡ್ಡದಾಗಿ ಜಗಳ ಮಾಡುವುದಿಲ್ಲ. ಮುಗಿದ ಮೇಲೆ ಇನ್ನೊಂದು ಅರ್ಧ ಗಂಟೆ. ಹೀಗೆ ಸಂಜೆಯವರೆಗೂ ದಾಟಿಸಬಹುದು. ಗಿರಿಜಾದೇವಿಗೆ ಈ ರೂಢಿ ಕಂಡರೆ ಆಗುತ್ತಿರಲಿಲ್ಲ. ಎದ್ದು ಹೋಗಿ ಉದಯಕುಮಾರರ ಮೇಜಿನ ಮುಂದೆ ನಿಲ್ಲುತ್ತಿದ್ದರು.

"ಹೊರಡ್ತದಾ ಇಲ್ವಾ, ಒಂದು ಹೇಳಿ ಸಾರ್."

"ಇಲ್ಲ ಅಂದ್ರೆ ಬೈತಾರೆ ಮೇಡಂ."

"ಬೈಲಿ, ನನಗೆ ತಾನೆ ಬೈಯೋದು? ಸುಮ್ನೆ ಕೂರಿಸ್ಬಾರದು. ಅವರಿಗೆ ಬಸ್ಸಿದೆ, ರೈಲಿದೆ, ಹೇಳಿಬಿಟ್ರೆ ಅವರ ದಾರಿ ಅವರು ನೋಡ್ಕೋತಾರೆ."

ಉದಯಕುಮಾರ್ ತಲೆ ಕೆರೆದುಕೊಂಡು ನಿಜ ಹೇಳುತ್ತಿದ್ದರು. ಗಿರಿಜಾದೇವಿ ವಾಪಸು ಬಂದು, ನೀರು ಕುಡಿದು, ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಿದ್ದರು.

*

"ಭಾವ, ಎಷ್ಟಂತ ಕಾಯಾದು?" ಚನ್ನವೀರೇಶ್ ಹಜಾರದ ಬಾಗಿಲಲ್ಲಿ ಏಕಾಂತಯ್ಯನವರನ್ನು ಅಡ್ಡಗಟ್ಟಿದ. "ಗುಣಿ ತೋಡಿದೋರು ಆಗ್ಲೇ ಎಲ್ಡು ಸಲ ಫೋನ್ ಮಾಡಿದ್ರು. ತೋಡಿದ ಗುಣಿ ರಾತ್ರಿ ಖಾಲಿ ಬಿಡಂಗಿಲ್ಲ. ಸ್ವಾಮಿಗಳು ಇನ್ನೊಂದು ಮನಿಗೆ ಹೋಗಾದೈತಂತೆ."

"ಬಂದ್ಬಿಡ್ತಾಳೆ ಕಣೋ. ಇನ್ನರ್ಧ ಗಂಟೆ."

"ಅದನ್ನ ನೀವು ಹೇಳಾಕತ್ತಿ ಭಾಳ ಹೊತ್ತಾತು."

ಗೋಡೆಯ ಪಕ್ಕ ಚಾಪೆಯ ಮೇಲೆ ಶಂಕ್ರವ್ವ ಕೂತಿದ್ದರು. ಏಕಾಂತಯ್ಯನವರ ಸೋದರತ್ತೆ, ಎಂಬತ್ತರ ಹತ್ತಿರದ ಜೀವ, ಕೆಂಗೇರಿ ಉಪನಗರದಿಂದ ಆಟೋ ಮಾಡಿಕೊಂಡು ಬಂದಿದ್ದರು. ಮಣ್ಣಾಗುವವರೆಗೂ ಬಾಯಿಗೆ ಏನೂ ಹಾಕುವುದಿಲ್ಲವೆಂದು ಹಟ. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಅತ್ತೆ, ಒಂದು ಬಾಳೆಹಣ್ಣಾದ್ರೂ ತಿನ್ನಿ."

"ಏಕಾಂತಾ, ಹುಡುಗಿ ಬರ್ತಾಳಾ ಇಲ್ಲಾ?" ಮುದುಕಿ ನೇರವಾಗಿ ಕೇಳಿದರು. "ಬರಾಂಗಿದ್ರ ನಾಳೆತನಕ ಬೇಕಾದ್ರೂ ಕೂಡ್ತೀನಿ. ಬರಾಂಗಿಲ್ಲ ಅಂದ್ರ ಅದನ್ನ ಹೇಳಿಬಿಡು."

ಏಕಾಂತಯ್ಯ ಹಿತ್ತಿಲಿಗೆ ಹೋಗಿ, ನೇರವಾಗಿ ರುದ್ರಭೂಮಿಗೆ ಬರುವೆನೆಂದಿದ್ದವರಿಗೆಲ್ಲ ಮತ್ತೆ ಫೋನ್ ಮಾಡಲು ಶುರು ಮಾಡಿದರು. ಹೊತ್ತು ಮುಂದಕ್ಕೆ ಹೋಗಿದೆ, ಸ್ವಲ್ಪ ತಡ, ಇನ್ನರ್ಧ ಗಂಟೆ. ಜೊತೆಯಲ್ಲಿ ಕೆಲಸ ಮಾಡಿದ್ದ ಕಂಡಕ್ಟರ್ ಮುನಿಯಣ್ಣ ಮೊದಲ ಸಲ, "ಏನ್ ಸಾರ್, ನೀವೇ ಲೇಟಾ?" ಎಂದು ಮೆಲ್ಲಗೆ ಹೇಳಿ ನಾಲಗೆ ಕಚ್ಚಿಕೊಂಡಿದ್ದ. ಈ ಸಲ ಅವನ ದನಿ ಬೇರೆಯಾಗಿತ್ತು. "ಸಾರ್, ನಾವು ಹತ್ತು ಜನ ಇಲ್ಲಿ ಬಿಸಿಲಲ್ಲಿ ನಿಂತಿದೀವಿ. ಕರೆಕ್ಟಾಗಿ ಒಂದು ಟೈಮ್ ಹೇಳಿ, ಇಲ್ಲಾಂದ್ರೆ ಹೋಗಿ ಬರ್ತೀವಿ." ಏಕಾಂತಯ್ಯ ಪೂರ್ತಿ ಕೇಳಿಸಿಕೊಳ್ಳದೆ ಫೋನ್ ಇಟ್ಟರು. ಬೈಗುಳ ಶುರುವಾಗುವ ಮೊದಲೇ ಇಟ್ಟುಬಿಡುವುದು ಅವರ ಹಳೆಯ ಅಭ್ಯಾಸ.

ಅದೇ ಹೊತ್ತಿಗೆ ಚೈತನ್ಯಾಳ ಫೋನ್ ಬಂತು.

"ಅಪ್ಪ, ಇಲ್ಲಿ ಕೌಂಟರಲ್ಲಿ ಒಬ್ಬನೇ ಇದಾನೆ. ಕೇಳಿದ್ರೆ ಬೆಂಗಳೂರಿಂದ ಹೇಳ್ಬೇಕು ಅಂತಾನೆ. ಎಲ್ರೂ ಅವನ ಮೇಲೆ ಕೂಗಾಡ್ತಿದಾರೆ. ವಿಮಾನ ಅಲ್ಲಿಂದ ಎದ್ದಿದೆಯಾ ಇಲ್ವಾ?"

"ಉದಯಕುಮಾರ್ ಇಲ್ಲೇ ಇದಾರೆ ಪುಟ್ಟ. ನೋಡ್ತಾ ಇದಾರೆ. ಇನ್ನ—"

"ಅರ್ಧ ಗಂಟೆ ಅನ್ಬೇಡಿ ಅಪ್ಪ. ಅಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಹೌದು ಇಲ್ಲ ಅಂತ ಎಲ್ರಿಗೂ ಒಂದು ಫೋನ್ ಬಂದಿರ್ತಿತ್ತು. ಇಲ್ಲಿ ಒಬ್ರು ಅಜ್ಜ ಅದನ್ನೇ ಅಂತಿದಾರೆ, ಆ ಮೇಡಂ ಯಾಕೆ ಇವತ್ತು ಫೋನ್ ಮಾಡಿಲ್ಲ ಅಂತ. ನಾನು ಏನಂತ ಹೇಳ್ಲಿ?"

ಏಕಾಂತಯ್ಯ ಬಾಯಿ ತೆರೆಯುವಷ್ಟರಲ್ಲಿ ಅವರ ಫೋನು ಚಾರ್ಜ್ ಮುಗಿದು ಕಣ್ಣು ಮುಚ್ಚಿತು.

*

ಚೈತನ್ಯಾ ಇನ್ನೂ ಓದುತ್ತಿದ್ದ ದಿನಗಳು. ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದಾಗ ಗಿರಿಜಾದೇವಿಯ ಫೋನು ಬಡಿದುಕೊಂಡಿತು. ನಾಂದೇಡಿನ ಯಾರೋ. ಆವತ್ತು ಮಧ್ಯಾಹ್ನ ವಿಮಾನ ರದ್ದಾಗಿತ್ತು. ಆ ಮನುಷ್ಯ ಮರಾಠಿಯಲ್ಲಿ ಬೈಯುತ್ತಿದ್ದದ್ದು ತಟ್ಟೆಯ ಆಚೆ ಕೂತ ಏಕಾಂತಯ್ಯನವರಿಗೂ ಕೇಳುತ್ತಿತ್ತು. ಗಿರಿಜಾದೇವಿ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಮುರಿದ ರೊಟ್ಟಿ ಹಿಡಿದು "ಹೌದು ಸರ್, ತಪ್ಪಾಯ್ತು ಸರ್" ಎಂದು ಮರಾಠಿಯಲ್ಲಿ ಹೇಳುತ್ತ ಕೂತೇ ಇದ್ದರು. ರೊಟ್ಟಿ ತಣ್ಣಗಾಯಿತು. ಚೈತನ್ಯಾ ಕೈ ತೊಳೆದು ಎದ್ದಳು.

ಏಕಾಂತಯ್ಯನವರಿಗೆ ಪಿತ್ತ ನೆತ್ತಿಗೇರಿತು. "ಫೋನ್ ಇಡೇ. ಡ್ಯೂಟಿ ಮುಗಿದ್ಮೇಲೂ ಬೈಸ್ಕೋಬೇಕು ಅಂತ ಬರೆದು ಕೊಟ್ಟಿದೀಯಾ?"

ಗಿರಿಜಾದೇವಿ ಕೈಯಲ್ಲೇ ಸುಮ್ಮನಿರಿ ಎಂದರು. ಕೊನೆಕೊನೆಗೆ ಆ ಕಡೆಯ ದನಿ ಇಳಿಯಿತು. ಬೈಗುಳ ನಿಂತು ಬೇರೇನೋ ಮಾತಾಯಿತು. ಗಿರಿಜಾದೇವಿ, "ಜೇವಲಾತ್ ಕಾ?" ಎಂದು ಕೇಳಿದರು. ಅಷ್ಟು ಮರಾಠಿ ಏಕಾಂತಯ್ಯನವರಿಗೂ ಬರುತ್ತಿತ್ತು. ಊಟ ಆಯ್ತಾ ಎಂದು ಕೇಳಿದ್ದು. ಆ ಕಡೆಯವನು ಫೋನ್ ಇಟ್ಟ ಮೇಲೇ ಅವರು ಇಟ್ಟದ್ದು.

"ಅವನ ತಂಗಿ ನಿಶ್ಚಿತಾರ್ಥ ಇತ್ತಂತೆ. ತಲುಪಕ್ಕಾಗ್ಲಿಲ್ಲ," ಎಂದರು.

"ಅದಕ್ಕೆ ನೀನೇನ್ ಮಾಡ್ತೀಯ? ಇಟ್ಟುಬಿಡೋದು ತಾನೆ?"

"ಅವರು ಇಡೋ ತನಕ ನಾನು ಇಡಲ್ಲ ಕಣ್ರೀ. ವಿಮಾನ ಅಂತೂ ಕೊಡಲಿಲ್ಲ. ಕಿವಿನಾದ್ರೂ ಕೊಡಬೇಕಲ್ಲ?"

ಏಕಾಂತಯ್ಯ ಅದಕ್ಕೂ ಏನೋ ಕೊಂಕು ಆಡಿದ್ದರು. ಏನು ಎಂಬುದು ಈಗ ನೆನಪಿಲ್ಲ.

*

ಗಿರಿಜಾದೇವಿಯ ಫೋನು ಅಡುಗೆಮನೆಯ ಕಟ್ಟೆಯ ಮೇಲೆ, ಕಾಯಿಸದೆ ಒಡೆದುಹೋದ ಹಾಲಿನ ಪಾತ್ರೆಯ ಪಕ್ಕದಲ್ಲಿತ್ತು. ಅದಕ್ಕೂ ರಾತ್ರಿ ಯಾರೂ ಚಾರ್ಜ್ ಹಾಕಿರಲಿಲ್ಲ, ಆದರೆ ಜೀವ ಇತ್ತು. ಲಾಕ್ ಹಾಕುವ ಅಭ್ಯಾಸ ಅವರಿಗಿರಲಿಲ್ಲ. ಏಕಾಂತಯ್ಯ ಕದ ಮುಂದೆ ಮಾಡಿ, ಮಲಪ್ರಭಾ ಏರ್‌ನ ನಂಬರು ಹುಡುಕಿ ಒತ್ತಿದರು. ಮ್ಯಾನೇಜರನ್ನು ಕೇಳಿ ಸಾಕಾಗಿತ್ತು. ಎಲ್ಲರ ಹಾಗೆ ಕಂಪನಿಗೇ ಫೋನ್ ಮಾಡಿ ಕೇಳೋಣ ಎನಿಸಿತು.

"ಮಲಪ್ರಭಾ ಏರ್, ನಮಸ್ಕಾರ..." ಹುಡುಗಿಯ ದನಿ ಅಲ್ಲಿಗೇ ನಿಂತಿತು. ಆಮೇಲೆ ಬಹಳ ಸಣ್ಣಗೆ, "ಮೇಡಂ?" ಎಂದಿತು.

ಕೋಕಿಲಾ. ಗಿರಿಜಾದೇವಿ ಕೈಹಿಡಿದು ಕೆಲಸ ಕಲಿಸಿದ ಹುಡುಗಿ. ಅವಳಿಗೆ ಕಂಡದ್ದು ಮೇಡಂ ನಂಬರು.

"ನಾನಮ್ಮ, ಏಕಾಂತಯ್ಯ. ನನ್ನ ಫೋನು ಸತ್ತುಹೋಯ್ತು. ಒಂದು ವಿಷಯ ಕೇಳಬೇಕಿತ್ತು. ತೋರಣಗಲ್ಲಿಂದ ನನ್ನ ಮಗಳು ಬರಬೇಕು. ಇವತ್ತು ವಿಮಾನ ಬರ್ತದಾ ಇಲ್ವಾ?"

ಆ ಕಡೆ ಫ್ಯಾನು ತಿರುಗುವ ಸದ್ದು ಮಾತ್ರ ಕೇಳಿಸಿತು.

"ಹೇಳಮ್ಮ."

"ಇಲ್ಲ ಸಾರ್," ಎಂದಳು ಕೋಕಿಲಾ. "ಬರಲ್ಲ. ಚಕ್ರದ ಪಾರ್ಟು ಹೈದರಾಬಾದಿಂದ ಬರಬೇಕು. ಇವತ್ತು ಹೊರಡೋದೇ ಇಲ್ಲ."

"ಯಾವಾಗ ಗೊತ್ತಾಯ್ತು?"

"ಮಧ್ಯಾಹ್ನಕ್ಕೆ ಮುಂಚೆನೇ. ಮನೆಗೆ ಹೋಗಿ ನಾನೇ ಹೇಳ್ತೀನಿ, ನೀವ್ಯಾರೂ ಬಾಯಿ ಬಿಡ್ಬೇಡಿ ಅಂತ ಉದಯಕುಮಾರ್ ಸಾರ್ ಹೇಳಿ ಹೋದ್ರು. ಬೇರೆ ಪ್ಯಾಸೆಂಜರ್‌ಗೆ ಹೇಳಿದ್ರೆ ಮೇಡಂ ಮಗಳಿಗೂ ಗೊತ್ತಾಗ್ಬಿಡತ್ತೆ ಅಂತ ಅವರಿಗೂ ಹೇಳಿಲ್ಲ ಸಾರ್. ನಾನು ಹೇಳ್ಬೇಕಿತ್ತು. ಮೇಡಂ ಆಗಿದ್ರೆ ಹೇಳ್ತಿದ್ರು." ಅವಳ ದನಿ ಒಡೆಯಿತು. ಸಾವರಿಸಿಕೊಂಡು, ಕಲಿತ ಪಾಠ ಒಪ್ಪಿಸುವವಳಂತೆ ಕೇಳಿದಳು: "ಊಟ ಮಾಡಿದ್ರಾ ಸಾರ್?"

ಏಕಾಂತಯ್ಯನವರಿಗೆ ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಅತ್ತರು. ಕೋಕಿಲಾ ಫೋನ್ ಇಡಲಿಲ್ಲ. ಅವರೇ ಇಟ್ಟರು, ಇಟ್ಟು ಮುಖ ಒರೆಸಿಕೊಂಡು ಹೊಂಗೆಮರದ ಕಡೆ ಹೊರಟರು.

ಉದಯಕುಮಾರರಿಗೆ ಅವರ ನಡಿಗೆಯಲ್ಲೇ ಗೊತ್ತಾಗಿರಬೇಕು. ಎರಡೂ ಫೋನನ್ನು ಜೇಬಿಗಿಟ್ಟುಕೊಂಡು ನೆಟ್ಟಗೆ ನಿಂತರು.

"ಮಧ್ಯಾಹ್ನವೇ ಗೊತ್ತಿತ್ತಂತೆ."

"ಹೇಳ್ಬೇಕು ಅಂತಲೇ ಬಂದೆ ಸಾರ್."

"ಆಗ ಹೇಳಿದ್ರೆ ಅವಳು ಗಾಡಿ ಹತ್ತಿರ್ತಿದ್ಲು. ಇಷ್ಟೊತ್ತಿಗೆ ಶಿರಾ ದಾಟಿರ್ತಿದ್ಲು. ಗುಣಿ ಹತ್ರಕ್ಕಾದ್ರೂ ಬಂದಿರ್ತಿದ್ಲು."

"ಗೇಟ್ ಹತ್ರ ಬಂದೆ. ನೀವು ಓಡ್ಬಂದು ಏನಂತೆ ಅಂತ ಕೇಳಿದ್ರಿ. ಬಾಯಿಗೆ ಅರ್ಧ ಗಂಟೆ ಅಂತಲೇ ಬಂದ್ಬಿಡ್ತು. ಆಮೇಲೆ ಪ್ರತಿ ಸಲನೂ ಈಗ ಹೇಳ್ತೀನಿ ಈಗ ಹೇಳ್ತೀನಿ ಅಂದ್ಕೊಂಡೆ." ಐವತ್ತು ದಾಟಿದ ಆ ಮನುಷ್ಯ ಚಿಕ್ಕ ಹುಡುಗನ ಹಾಗೆ ಅಂಗಿಯ ತುದಿ ಹಿಡಿದುಕೊಂಡಿದ್ದರು. "ಕಂಪನಿ ಶುರುವಾದಾಗಿಂದ ನಾನು ಒಬ್ಬ ಪ್ಯಾಸೆಂಜರ್‌ಗೂ ಇಲ್ಲ ಅಂತ ಹೇಳಿಲ್ಲ ಸಾರ್. ಪೈಲಟ್ ಹೇಳಿಲ್ಲ, ಎಂಜಿನಿಯರ್ ಹೇಳಿಲ್ಲ. ಆ ಕೆಲಸ ಯಾವಾಗ್ಲೂ ಮೇಡಂದೇ ಆಗಿತ್ತು."

ಏಕಾಂತಯ್ಯ ಕೈ ಎತ್ತಿದ್ದು ನಿಜ. ಶಾಮಿಯಾನದ ಕೆಳಗೆ ಕೂತವರು ಎದ್ದು ನಿಂತರು. ಆದರೆ ಆ ಕೈಯಲ್ಲಿ ಗಿರಿಜಾದೇವಿಯ ಫೋನಿತ್ತು. ಬೆಳಗಿನಿಂದ ಶಂಕ್ರವ್ವನಿಗೆ, ಮುನಿಯಣ್ಣನಿಗೆ, ಹೆತ್ತ ಮಗಳಿಗೆ ತಾವು ಏನು ಹೇಳುತ್ತ ಬಂದಿದ್ದರೋ ಅದೂ ನೆನಪಾಯಿತು. ಕೈ ಇಳಿಸಿದರು.

"ನಾನೇ ಹೇಳ್ತೀನಿ ಸಾರ್, ಚೈತನ್ಯಾಗೆ," ಎಂದರು ಉದಯಕುಮಾರ್.

"ಬೇಡ. ನೀವು ಉಳಿದ ಪ್ಯಾಸೆಂಜರ್‌ಗಳಿಗೆ ಹೇಳಿ. ಒಬ್ಬೊಬ್ರಿಗೇ ಹೇಳಿ. ನನ್ನ ಮಗಳಿಗೆ ನಾನು ಹೇಳ್ತೀನಿ."

ಆಮೇಲೆ ಚನ್ನವೀರೇಶ್ ಹತ್ತಿರ ಹೋಗಿ, "ಎತ್ತೋಕೆ ಹೇಳಪ್ಪ," ಎಂದರು. ಚನ್ನವೀರೇಶ್ ಒಳಗೆ ಹೋಗಿ ಹೊರುವವರನ್ನು ಕರೆದ.

*

ಏಕಾಂತಯ್ಯ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಕೂತು ಮಗಳ ನಂಬರು ಒತ್ತಿದರು. ಒಂದೇ ರಿಂಗಿಗೆ ಚೈತನ್ಯಾ ಎತ್ತಿದಳು. ಎತ್ತಿದಳೇ ಹೊರತು ಮಾತಾಡಲಿಲ್ಲ.

"ನಾನು ಪುಟ್ಟ."

"ಅಮ್ಮನ ಹೆಸರು ಬಂತು ಅಪ್ಪ, ಸ್ಕ್ರೀನ್ ಮೇಲೆ." ಅವಳು ಉಸಿರು ಎಳೆದುಕೊಂಡಳು. "ಯಾಕಪ್ಪ ಇದರಿಂದ ಮಾಡಿದ್ರಿ?"

"ನಂದರಲ್ಲಿ ಚಾರ್ಜ್ ಇಲ್ಲ." ಸುತ್ತಿ ಬಳಸಿದರೆ ಮತ್ತೆ ಹೇಳಲಾಗುವುದಿಲ್ಲವೆಂದು ಏಕಾಂತಯ್ಯನವರಿಗೆ ಗೊತ್ತಿತ್ತು. "ವಿಮಾನ ಬರಲ್ಲ ಕಂದ. ಇವತ್ತು ಬರೋದೇ ಇಲ್ಲ. ಅಮ್ಮನ್ನ ಈಗ ಎತ್ತುತಾ ಇದೀವಿ. ನೀನು ಬರೋ ತನಕ ಇಡಕ್ಕಾಗಲ್ಲ."

ಆಮೇಲೆ ಶುರುವಾಯಿತು.

"ಟ್ಯಾಕ್ಸಿ ವಾಪಸ್ ಕಳಿಸು ಅಂದಿದ್ದು ನೀವು."

"ಹೌದು. ನಾನೇ."

"ಬ್ಯಾಗ್ ಒಳಗಿಟ್ಟಿದ್ದೆ ಅಪ್ಪ. ಒಂದು ಕಾಲು ಒಳಗಿಟ್ಟಿದ್ದೆ. ನೀವು ಹೇಳಿದ್ರಿ ಅಂತ ಇಳಿದೆ."

"ಹೌದು."

"ಇಡೀ ದಿನ ಅರ್ಧ ಗಂಟೆ ಅರ್ಧ ಗಂಟೆ ಅಂತ... ನಿಮಗೆ ಬಸ್ ಬಿಡೋದು ಬಿಟ್ರೆ ಇನ್ನೇನ್ ಗೊತ್ತು? ಅಮ್ಮ ಒಂದು ದಿನಕ್ಕಾದ್ರೂ ಹೀಗೆ ಮಾಡಿದ್ರಾ ಯಾರಿಗಾದ್ರೂ? ಯಾರೋ ದಾರಿಹೋಕರಿಗೂ ಮಾಡಿಲ್ಲ. ನೀವು ನನಗೆ ಮಾಡಿದ್ರಿ."

ಒಳಗಿನಿಂದ ಪಲ್ಲಕ್ಕಿ ಹೊರಬಂತು. ಸ್ವಾಮಿಗಳು ಮುಂದೆ, ಜಾಗಟೆ ಹಿಂದೆ. ಹೂವಿನ ನಡುವೆ ಗಿರಿಜಾದೇವಿ ಹಸಿರು ಸೀರೆಯಲ್ಲಿ ಕೂತು ಬರುತ್ತಿದ್ದರು. ಏಕಾಂತಯ್ಯ ಫೋನನ್ನು ಕಿವಿಗೆ ಒತ್ತಿಕೊಂಡೇ ಎದ್ದು ಅದರ ಹಿಂದೆ ನಡೆದರು. ಮಗಳು ಬೈಯುತ್ತಿದ್ದಳು, ಅವರು ಹೌದು ಎನ್ನುತ್ತಿದ್ದರು. ಬೈದು ಮುಗಿಸಿದ ಮೇಲೆ ಅತ್ತಳು. ಅತ್ತು ಮುಗಿದ ಮೇಲೆ ಆ ಕಡೆ ಟ್ಯಾಕ್ಸಿಯೊಂದರ ಬಾಗಿಲು ಧಡ್ ಎಂದು ಹಾಕಿಕೊಂಡ ಸದ್ದು ಕೇಳಿತು.

"ಹೊರಟೆ. ಇಡಬೇಡಿ ಅಪ್ಪ."

"ಇಡಲ್ಲ. ವೀಡಿಯೋ ಹಾಕ್ಲಾ, ಅಮ್ಮನ ಮುಖ ನೋಡ್ತೀಯಾ?"

"ಬೇಡ. ಆ ಪುಟ್ಟ ಗಾಜಲ್ಲಿ ನನಗೆ ನೋಡಕ್ಕಾಗಲ್ಲ. ಕೇಳಿಸ್ಲಿ ಸಾಕು."

ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ, ಗಾಡಿಯ ಹಿಂಭಾಗದಲ್ಲಿ, ಪಲ್ಲಕ್ಕಿಯ ಕಂಬ ಹಿಡಿದು ಕೂತ ಏಕಾಂತಯ್ಯ ಮಗಳಿಗೆ ಒಂದೊಂದೇ ಹೇಳುತ್ತ ಹೋದರು. ಈಗ ಹೌಸಿಂಗ್ ಬೋರ್ಡ್ ಸಿಗ್ನಲ್. ಈಗ ಅಮ್ಮನ ತಲೆಯ ಹೂವು ಜಾರಿತ್ತು, ಚನ್ನವೀರೇಶ್ ಮಾವ ಸರಿಮಾಡಿದ. ಈಗ ಗೇಟಿನ ಒಳಗೆ ಬಂದೆವು. ನಡುವೆ ಎರಡು ಸಲ ಸಿಗ್ನಲ್ ಇಲ್ಲದೆ ಕಡಿದುಹೋಯಿತು. ಎರಡು ಸಲವೂ ಅವರು ಮತ್ತೆ ಮಾಡಿದರು.

ರುದ್ರಭೂಮಿಯಲ್ಲಿ ಮುನಿಯಣ್ಣ ಮತ್ತು ಅವನ ಜೊತೆಯವರು ಹೋಗದೆ ನಿಂತಿದ್ದರು. ಸ್ವಾಮಿಗಳು ಮಂತ್ರ ಹೇಳುತ್ತಿದ್ದಂತೆ ಗಿರಿಜಾದೇವಿಯನ್ನು ಗುಣಿಯೊಳಗೆ ಇಳಿಸಿ ಕೂರಿಸಿದರು. ಸುತ್ತ ಬಿಲ್ವಪತ್ರೆ, ವಿಭೂತಿಗಟ್ಟಿ ಇಟ್ಟರು.

"ಭಾವ, ಇನ್ನಾರ ಫೋನ್ ಇಡ್ರಿ," ಎಂದ ಚನ್ನವೀರೇಶ್. "ಮಣ್ಣು ಹಾಕ್ಬೇಕು."

"ಅವಳು ಇಡಲಿ. ಆಮೇಲೆ ಇಡ್ತೀನಿ."

ಏಕಾಂತಯ್ಯ ಬಗ್ಗಿ ಒಂದೇ ಕೈಯಲ್ಲಿ ಮಣ್ಣು ತೆಗೆದುಕೊಂಡರು. "ಪುಟ್ಟ, ಹಾಕ್ತಾ ಇದೀನಿ," ಎಂದರು ಫೋನಿಗೆ. ಹಾಕಿದರು. ಮತ್ತೆ ಬಗ್ಗಿದರು. "ಇದು ನಿನ್ನ ಪಾಲಿಂದು." ಫೋನನ್ನು ಕಿವಿಯಿಂದ ತೆಗೆದು ಗುಣಿಯ ಅಂಚಿಗೆ ಹಿಡಿದು, ಮಣ್ಣು ಸುರಿದರು. ಅದು ಬಿಲ್ವಪತ್ರೆಯ ಮೇಲೆ ಬಿದ್ದ ಸದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು.

ಮತ್ತೆ ಕಿವಿಗಿಟ್ಟುಕೊಂಡಾಗ ಲಾರಿಯೊಂದರ ಹಾರನ್ನು, ಗಾಡಿಯ ಇಂಜಿನ್ನು, ಮಗಳ ಉಸಿರು ಕೇಳಿಸುತ್ತಿದ್ದವು. ಗುಣಿ ತುಂಬಿತು. ಜನ ಕೈಕಾಲು ತೊಳೆಯಲು ನಲ್ಲಿಯ ಕಡೆ ಹೋದರು. ಶಂಕ್ರವ್ವನನ್ನು ಯಾರೋ ಬೆಂಚಿನ ಮೇಲೆ ಕೂರಿಸಿ ಬಾಳೆಹಣ್ಣು ಸುಲಿದು ಕೊಟ್ಟರು.

ಅಷ್ಟರಲ್ಲಿ ಫೋನು ಕಿವಿಯಲ್ಲೇ ಪೀ ಎಂದು ಎಚ್ಚರಿಸಿತು. ಏಕಾಂತಯ್ಯ ಗಾಬರಿಯಿಂದ ಅದನ್ನು ಮುಖದ ಮುಂದೆ ಹಿಡಿದು ನೋಡಿದರು. ಬ್ಯಾಟರಿಯ ಗುರುತು ಕೆಂಪಾಗಿತ್ತು. "ಪುಟ್ಟ, ಚಾರ್ಜ್..." ಎಂದು ಸುತ್ತ ಕಣ್ಣಾಡಿಸಿದರು.

ಉದಯಕುಮಾರ್ ದೂರದ ಬೇವಿನಮರದ ಹತ್ತಿರ ಒಬ್ಬರೇ ನಿಂತಿದ್ದರು, ಮಣ್ಣು ಹಾಕಲೂ ಮುಂದೆ ಬಂದಿರಲಿಲ್ಲ. ಈಗ ಓಡುತ್ತ ಬಂದರು. ಪ್ಯಾಂಟಿನ ಜೇಬಿನಿಂದ ಪವರ್ ಬ್ಯಾಂಕ್ ತೆಗೆದು, ಕೇಬಲ್ಲು ಬಿಡಿಸಿ, ಏಕಾಂತಯ್ಯನವರ ಕಿವಿಯಲ್ಲಿದ್ದ ಫೋನಿಗೇ ಸಿಕ್ಕಿಸಿದರು. ಏಕಾಂತಯ್ಯ ಅವರ ಮುಖ ನೋಡಿದರು. ಬೇಡ ಎನ್ನಲಿಲ್ಲ.

"ಅಪ್ಪ? ಇದೀರಾ?"

"ಇದೀನಿ. ಎಲ್ಲಿದೀಯ?"

"ಚಳ್ಳಕೆರೆ ಬಂತು."

"ಏನಾದ್ರೂ ತಿಂದ್ಯಾ?"

ಏಕಾಂತಯ್ಯ ಕಾದರು. ಚನ್ನವೀರೇಶ್ ಗೇಟಿನಿಂದ ಕೈ ಬೀಸಿ ಕರೆದ, ಗಾಡಿ ಹೊರಡಲು ನಿಂತಿತ್ತು. ಕೇಬಲ್ಲು ಒಂದು ಗೇಣಿಗಿಂತ ಉದ್ದವಿರಲಿಲ್ಲ. ಏಕಾಂತಯ್ಯ ಹೆಜ್ಜೆ ಎತ್ತಿದರೆ ಉದಯಕುಮಾರ್ ಎತ್ತಬೇಕು, ಅವರು ನಿಂತರೆ ಇವರು ನಿಲ್ಲಬೇಕು. ಒಬ್ಬರು ಕಿವಿಗೆ ಫೋನು ಒತ್ತಿಕೊಂಡು, ಇನ್ನೊಬ್ಬರು ಅವರ ಭುಜದ ಹತ್ತಿರ ಪವರ್ ಬ್ಯಾಂಕ್ ಎತ್ತಿ ಹಿಡಿದುಕೊಂಡು, ಕೇಬಲ್ಲು ಕಳಚದ ಹಾಗೆ ಸಮಾಧಿಗಳ ಸಂದಿಯಲ್ಲಿ ಹೆಜ್ಜೆ ಕೂಡಿಸುತ್ತ ಗೇಟಿನ ಕಡೆ ನಡೆದರು.